ಅಕ್ಕನಾಗಮ್ಮನ ಲೈನು

ಮಂಡಿಪೇಟೆಯ ಆ ಕಟ್ಟಡದ ಬೋರ್ಡಿನ ಮೇಲೆ ‘ಕೆಂಚವೀರಪ್ಪ ಅಂಡ್ ಸನ್ಸ್’ ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ಆದರೆ ಆನಗೋಡಿನಿಂದ ಜಗಳೂರಿನವರೆಗೆ ಹಿಟ್ಟಿನ ಗಿರಣಿ ಇಟ್ಟುಕೊಂಡವರು ಯಾರೂ ಆ ಹೆಸರು ಹೇಳುತ್ತಿರಲಿಲ್ಲ. ಅವರ ಬಾಯಲ್ಲಿ ಅದು ಅಕ್ಕನ ಆಫೀಸು. ಗಿರಣಿಯ ಬೆಲ್ಟು ಹರಿಯಲಿ, ಬೇರಿಂಗು ಕಚ್ಚಿಕೊಳ್ಳಲಿ, ಖಾರ ಕುಟ್ಟುವ ಮಷೀನು ಹಠ ಹಿಡಿದು ನಿಲ್ಲಲಿ, ‘ಅಕ್ಕಗೆ ಒಂದು ಫೋನ್ ಹಚ್ರಿ’ ಅನ್ನುವುದೇ ಮೊದಲ ಮಾತು. ಆ ಅಕ್ಕ ಅಂದರೆ ಅಕ್ಕನಾಗಮ್ಮ. ಫೋನು ಎರಡನೇ ಸಲ ಬಡಿದುಕೊಳ್ಳುವ ಮುಂಚೆಯೇ ರಿಸೀವರು ಅವಳ ಕಿವಿಗೆ ಬಂದಿರುತ್ತಿತ್ತು, ಬಾಯಿಂದ ‘ಶರಣ್ರಿ, ಹೇಳ್ರಿ’ ಎಂಬ ಮಾತು ಹೊರಟಿರುತ್ತಿತ್ತು.

ಮಷೀನುಗಳೂ ಬಿಡಿಭಾಗಗಳೂ ತಯಾರಾಗುತ್ತಿದ್ದುದು ಹರಿಹರದಲ್ಲಿ, ಹೊಳೆಯ ಕಡೆ ಇದ್ದ ಅವರದೇ ಕಾರ್ಖಾನೆಯಲ್ಲಿ. ಗಿರಾಕಿಗಳ ಮಾತುಕತೆಯೆಲ್ಲ ದಾವಣಗೆರೆಯ ಈ ಆಫೀಸಿನಲ್ಲಿ. ಅಕ್ಕನಾಗಮ್ಮನ ಗಂಡ ತಿಪ್ಪೇರುದ್ರಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿ ಬಾಗಿಲು ಹಾಕಿದಾಗ, ದೊಡ್ಡ ಸಾವ್ಕಾರ್ರು ಕೆಂಚವೀರಪ್ಪನವರು ಆ ಸಂಸಾರವನ್ನು ನೋಡಿ, ‘ನಿನ್ನ ದನಿ ಚಲೋ ಐತೆ ಅಕ್ಕನಾಗಮ್ಮ, ಬಂದು ಫೋನಿನ ಮುಂದೆ ಕೂಡ್ರು’ ಅಂದಿದ್ದರು. ಅವತ್ತು ಕೂತವಳು ಕೂತೇ ಇದ್ದಳು. ಸಾವ್ಕಾರ್ರು ಶಿವೈಕ್ಯರಾದರು, ಮಗ ಬಸವಪ್ರಭು ಯಜಮಾನನಾದ, ದಾವಣಗೆರೆ ಜಿಲ್ಲೆಯೂ ಆಯಿತು. ಅಕ್ಕನಾಗಮ್ಮನ ಸ್ಟೂಲು ಮಾತ್ರ ಒಂದಿಂಚು ಆಚೀಚೆ ಆಗಲಿಲ್ಲ.

ನಮ್ಮ ಕಡೆಯ ಗಿರಾಕಿ ಫೋನ್ ಮಾಡಿದ ಕೂಡಲೇ ‘ಒಂದು ಶಾಫ್ಟ್ ಕಳಿಸಿ’ ಅನ್ನುವವನಲ್ಲ. ಮೊದಲು ಆರಾಮ ಇದ್ದೀರಾ, ಆಮೇಲೆ ಮಳೆ, ಆಮೇಲೆ ಸೊಸೆಯ ಬಾಣಂತನ, ಇನ್ನೇನು ಫೋನ್ ಇಡಬೇಕು ಅನ್ನುವಾಗ, ‘ಹಂಗೇ ಆ ಶಾಫ್ಟ್ ಒಂದು ನೋಡ್ರಿ ಅಕ್ಕಾ.’ ಅಕ್ಕನಾಗಮ್ಮ ಇದೆಲ್ಲಕ್ಕೂ ಕಿವಿ ಕೊಡುತ್ತಿದ್ದಳು. ಕೊನೆಗೆ ಎಲ್ಲರಿಗೂ ಒಂದೇ ಉತ್ತರ: ‘ನಾಳೆ ಬಂದುಬಿಡ್ತೈತೆ, ಚಿಂತಿ ಬ್ಯಾಡ.’ ಆಮೇಲೆ ಹರಿಹರಕ್ಕೆ ಫೋನ್ ಹಚ್ಚಿ, ಅಲ್ಲಿ ಮಾಲು ಕಳಿಸುವ ಹಿದಾಯತ್‌ಗೆ ಹೇಳುವುದು. ಶಾಫ್ಟ್ ಇದ್ದರೆ ನಾಳೆ ಹೋಗುತ್ತಿತ್ತು. ಇಲ್ಲದಿದ್ದರೆ? ಇಲ್ಲದಿದ್ದರೆ ಗಿರಾಕಿ ನಾಳೆಯೂ ಫೋನ್ ಮಾಡುತ್ತಿದ್ದ, ನಾಡಿದ್ದೂ ಮಾಡುತ್ತಿದ್ದ, ಅಕ್ಕನಾಗಮ್ಮ ಅಷ್ಟೇ ಪ್ರೀತಿಯಿಂದ ನಾಳೆ ಅನ್ನುತ್ತಿದ್ದಳು. ಹಾಗೆ ಕಾದು ಕಾದು ಕೆಲವರು ಬೇರೆ ಅಂಗಡಿ ಹುಡುಕಿಕೊಂಡಿದ್ದು ಬಸವಪ್ರಭುವಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು ಅನ್ನಿ. ಆದರೆ ಅದು ಹರಿಹರದವರ ತಪ್ಪು ಎಂದು ಅವಳು ಎಂದೋ ತೀರ್ಮಾನ ಮಾಡಿಬಿಟ್ಟಿದ್ದಳು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಬಸವಪ್ರಭು ಬೆಂಗಳೂರಿಗೆ ಹೋಗಿ ಬಂದ. ಬಂದವನು ಎಲ್ಲರನ್ನೂ ಕೂಡಿಸಿ, ‘ಇನ್ನ ಮ್ಯಾಲೆ ನಮ್ಮಲ್ಲಿ ಇ.ಆರ್.ಪಿ. ಬರ್ತೈತೆ’ ಅಂದ. ಯಾರಿಗೂ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ: ‘ನೋಡ್ರಿ, ಈಗ ಹರಿಹರದಾಗ ಏನೈತೆ ಅನ್ನೋದು ಇಲ್ಲಿ ಗೊತ್ತಿಲ್ಲ, ಇಲ್ಲಿ ಏನು ಮಾತು ಕೊಟ್ಟೀವಿ ಅನ್ನೋದು ಅಲ್ಲಿ ಗೊತ್ತಿಲ್ಲ. ಆರ್ಡರು, ಮಾಲು, ತಯಾರಿ, ಬಿಲ್ಲು ಎಲ್ಲಾ ಒಂದೇ ಕಂಪ್ಯೂಟರ್‌ನಾಗ ಇದ್ರೆ, ಗಿರಾಕಿ ಫೋನ್ ಮಾಡಿದ ಗಳಿಗೇಲೇ ಐತೆ ಇಲ್ಲ ಅಂತ ಖರೆ ಹೇಳ್ಬೋದು. ಗಿರಾಕಿನ ಕಾಯಿಸಬಾರ್ದು. ಅಷ್ಟೇ ಇದರ ಮರ್ಮ.’

ಖರೆ ಹೇಳಬಹುದು! ಅಂದರೆ ಇಷ್ಟು ವರ್ಷ ತಾನು ಹೇಳಿದ್ದು ಸುಳ್ಳೋ? ಅಕ್ಕನಾಗಮ್ಮನ ಎದೆಗೆ ಮೊದಲ ಮುಳ್ಳು ಚುಚ್ಚಿದ್ದು ಅಲ್ಲೇ.

ಎರಡನೇ ಮುಳ್ಳು ಎಸ್.ಎಸ್. ಬಡಾವಣೆಯಿಂದ ಸೈಕಲ್ ತುಳಿದುಕೊಂಡು ಬಂತು. ಹೆಸರು ನಯನಾ. ಕಂಪ್ಯೂಟರ್ ಡಿಪ್ಲೊಮಾ ಮಾಡಿದ ಹುಡುಗಿ, ಚೂಡಿದಾರ, ಒಂದೇ ಜಡೆ, ಮೆಲುಮಾತು. ಅವಳಿಗಾಗಿ ಆಫೀಸಿನ ಮೂಲೆಯಲ್ಲಿ ಗಾಜಿನ ಕೋಣೆ ಎದ್ದಿತು. ಕಂಪ್ಯೂಟರಿಗೆ ಧೂಳು ಆಗುವುದಿಲ್ಲವಂತೆ, ಒಳಗೆ ಹೋಗುವವರು ಚಪ್ಪಲಿ ಬಿಡಬೇಕಂತೆ. ಸೆಕೆ ಆಗುವುದಿಲ್ಲವಂತೆ, ಅದಕ್ಕೊಂದು ಹೊಸ ಫ್ಯಾನು. ಕೂರಲು ತಿರುಗುವ ಕುರ್ಚಿ. ಅಕ್ಕನಾಗಮ್ಮ ತನ್ನ ಸ್ಟೂಲಿಗೆ ಒಂದು ದಿಂಬು ಕೇಳಿ ಕೇಳಿ ಸಾಕಾಗಿ ಕೊನೆಗೆ ಹಳೆಯ ಸೀರೆಯನ್ನೇ ಮಡಿಸಿ ಹಾಕಿಕೊಂಡವಳು. ಅವಳ ತಲೆಯ ಮೇಲಿನ ಫ್ಯಾನಿನಲ್ಲಿ ಗಾಳಿಗಿಂತ ಕಿರುಗುಟ್ಟುವ ಸದ್ದೇ ಹೆಚ್ಚು. ಗಾಜಿನ ಆಚೆ ಆ ಹುಡುಗಿ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದಾಗಲೆಲ್ಲ ಇವಳ ಹೊಟ್ಟೆಯಲ್ಲಿ ಏನೋ ಪೂರ್ತಿ ಸುತ್ತು ತಿರುಗುತ್ತಿತ್ತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಇವೆಲ್ಲ ಹೋಗಲಿ ಎಂದರೆ, ಆಫೀಸಿಗೆ ಇದ್ದದ್ದು ಒಂದೇ ಟೆಲಿಫೋನ್ ಲೈನು. ಇನ್ನೊಂದಕ್ಕೆ ಅರ್ಜಿ ಕೊಟ್ಟರೆ ಬರುವುದು ಯಾವಾಗಲೋ. ಹಾಗಾಗಿ ಅಕ್ಕನಾಗಮ್ಮನ ಫೋನಿನ ತಂತಿಯಿಂದಲೇ ಒಂದು ಕವಲು ಎಳೆದು ಗಾಜಿನ ಕೋಣೆಗೆ ಕೊಟ್ಟರು. ದಿನಕ್ಕೆ ಕೆಲವು ಸಲ ಕಂಪ್ಯೂಟರು ಅದೇ ಲೈನಿನಲ್ಲಿ ಹರಿಹರದ ಕಂಪ್ಯೂಟರಿಗೆ ಫೋನ್ ಮಾಡಿ, ಇಲ್ಲಿನ ಆರ್ಡರು ಅಲ್ಲಿಗೆ, ಅಲ್ಲಿನ ಮಾಲಿನ ವಿವರ ಇಲ್ಲಿಗೆ ಸಾಗಿಸುತ್ತಿತ್ತು. ಅಷ್ಟು ಹೊತ್ತು ಅಕ್ಕನಾಗಮ್ಮನ ಫೋನು ಸತ್ತಂತೆ. ಬಡಿಯುವುದಿಲ್ಲ, ಮಾತಾಡುವ ಹಾಗಿಲ್ಲ. ನಯನಾ ಪ್ರತಿ ಸಲ ಬಾಗಿಲು ಸರಿಸಿ ವಿನಯದಿಂದಲೇ ಹೇಳುತ್ತಿದ್ದಳು: ‘ಅಕ್ಕಾ, ಲೈನ್ ತಗೊಂತೀನ್ರಿ.’

‘ತಗೋ ತಾಯಿ, ತಗೋ. ಎಲ್ಲಾ ನಿಂದೇ ಅಲ್ಲೇನು’ ಎಂದು ಅಕ್ಕನಾಗಮ್ಮ ನಗುತ್ತಿದ್ದಳು. ಆ ನಗುವಿನಲ್ಲಿ ಹಲ್ಲು ಮಾತ್ರ ಇರುತ್ತಿತ್ತು.

ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿನಲ್ಲೇ ತಿಪ್ಪೇರುದ್ರಪ್ಪನಿಗೆ ಎಲ್ಲ ತಿಳಿಯುತ್ತಿತ್ತು. ‘ಆ ಡಬ್ಬಿ ಮ್ಯಾಲೆ ಯಾಕ ಇಷ್ಟು ಸಿಟ್ಟು? ಅದೇನು ನಿನ್ನ ಸವತಿಯೇನು?’ ಎಂದು ಕೆಣಕಿದ ಒಂದು ದಿನ.

‘ಸವತಿನಾದ್ರೂ ಆಗಿದ್ರೆ ಜಡೆ ಹಿಡಿದು ಎಳೀತಿದ್ದೆ. ಅದಕ್ಕೆ ಜಡೆನೂ ಇಲ್ಲ’ ಅಂದಳು ಅವಳು.

‘ಹುಡುಗಿಗೆ ಐತಲ್ಲ.’

‘ಅವಳ ಸುದ್ದಿ ನನ್ನ ಮುಂದೆ ತೆಗಿಬ್ಯಾಡ್ರಿ’ ಎಂದು ರೊಟ್ಟಿಯನ್ನು ತಟ್ಟೆಗೆ ಎಸೆದಳು. ಪಾಪದ ಮನುಷ್ಯ ಆಮೇಲೆ ಪಲ್ಯ ಕೂಡ ಕೇಳಲಿಲ್ಲ.

ಅಕ್ಕನಾಗಮ್ಮನಿಗೆ ಉಳಿದಿದ್ದ ಸಮಾಧಾನ ಒಂದೇ. ಗಿರಾಕಿಗಳು ನಯನಾಳನ್ನು ಕರೆಯುತ್ತಿದ್ದುದು ‘ಮೇಡಂ’ ಎಂದು. ತನ್ನನ್ನು ಅಕ್ಕ ಎಂದು. ಮೇಡಂ ಅನ್ನಿಸಿಕೊಳ್ಳುವುದಕ್ಕೇನು, ಬ್ಯಾಂಕಿಗೆ ಹೋದರೆ ಕೌಂಟರಿನ ಆಚೆ ಕೂತವರೆಲ್ಲ ಮೇಡಂ. ಅಕ್ಕ ಅನ್ನಿಸಿಕೊಳ್ಳುವುದು ಬೇರೆ, ಅದು ಬೇಕೆಂದರೆ ಸಿಗುವುದಲ್ಲ. ಈ ಒಂದು ಮಾತನ್ನು ಅವಳು ಎಲೆಯಡಿಕೆಯ ಹಾಗೆ ಬಾಯಲ್ಲಿಟ್ಟುಕೊಂಡು ದಿನವಿಡೀ ಮೆಲ್ಲುತ್ತಿದ್ದಳು. ಅಕ್ಕ ಎನ್ನುವವರಿರುವ ತನಕ ಆ ಕೋಣೆಯ ಗಾಜು, ಫ್ಯಾನು, ತಿರುಗುವ ಕುರ್ಚಿ ಎಲ್ಲ ಮಣ್ಣಿಗೆ ಸಮ.

ಅಕ್ಕ ಎನ್ನುವವರಲ್ಲಿ ಎಲ್ಲರಿಗಿಂತ ಹೆಚ್ಚಿನವಳು ಆನಗೋಡಿನ ಮೈಲಮ್ಮ. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತಿದ್ದ ಗಟ್ಟಿಗಿತ್ತಿ. ಬೆಲ್ಟು ಏರಿಸುವುದರಿಂದ ಸವೆದ ಬೀಸುಕಲ್ಲಿಗೆ ಕಚ್ಚು ಹೊಡೆಯುವವರೆಗೆ ಎಲ್ಲ ಅವಳೇ. ಗಿರಣಿ ಹಾಕಿದ ಹೊಸದರಲ್ಲಿ ಊರ ಗಂಡಸರು ನಕ್ಕಾಗ, ‘ನೀ ನಡೆಸು ಮೈಲಮ್ಮ, ಮಷೀನ್ ನಿಂತ್ರೆ ನಾನದೀನಿ’ ಎಂದು ಫೋನಿನಲ್ಲಿ ಧೈರ್ಯ ಹೇಳಿದವಳು ಅಕ್ಕನಾಗಮ್ಮ. ಇಬ್ಬರೂ ಭೇಟಿಯಾಗಿದ್ದು ಕೈಬೆರಳಲ್ಲಿ ಎಣಿಸುವಷ್ಟು. ಆದರೂ ಸಂಕ್ರಾಂತಿಗೆ ಆನಗೋಡಿನಿಂದ ಸಜ್ಜೆ ರೊಟ್ಟಿಯ ಗಂಟು ಬಸ್ಸಿನ ಕಂಡಕ್ಟರ್ ಕೈಲಿ ಬರುತ್ತಿತ್ತು, ತಪ್ಪುತ್ತಿರಲಿಲ್ಲ.

ಆ ಮೈಲಮ್ಮ ಒಂದು ದಿನ ಬೆಲ್ಟಿಗಾಗಿ ಫೋನ್ ಮಾಡಿದಳು. ಅಕ್ಕನಾಗಮ್ಮ ರೂಢಿಯಂತೆ, ‘ನಾಳೆ ಬಂದುಬಿಡ್ತೈತೆ’ ಅನ್ನಬೇಕು, ಅಷ್ಟರಲ್ಲಿ ಬಸವಪ್ರಭು ಅಲ್ಲೇ ನಿಂತಿದ್ದವನು, ‘ನಯನಾಗೆ ಕೊಡ್ರಿ ಅಕ್ಕಾ’ ಅಂದ. ನಯನಾ ಕೀಲಿಮಣೆ ಕುಟ್ಟಿ, ‘ಆ ಅಳತೆ ಬೆಲ್ಟ್ ಹರಿಹರದಾಗ ಖಾಲಿ ಆಗೈತ್ರಿ, ಗುರುವಾರ ತಯಾರಾಗ್ತೈತೆ, ಶುಕ್ರವಾರ ಬಸ್ಸಿಗೆ ಹಾಕಿಸ್ತೀನಿ. ಅಲ್ಲಿ ತನಕ ಹಳೇದಕ್ಕೆ ಕೊಂಡಿ ಹಾಕ್ಸಿಕೊಳ್ರಿ’ ಅಂದಳು. ಶುಕ್ರವಾರದ ಬಸ್ಸಿಗೆ ಬೆಲ್ಟ್ ಹೋಯಿತು. ಮುಂದಿನ ಸಲ ಮೈಲಮ್ಮ ಫೋನ್ ಮಾಡಿದಾಗ ಆರಾಮ ಇದ್ದೀರಾ ಆಯಿತು, ಮಳೆ ಆಯಿತು, ಮೊಮ್ಮಗನ ಹಲ್ಲು ಆಯಿತು. ಕೊನೆಯಲ್ಲಿ, ‘ಹಂಗೇ ಆ ಮೇಡಮ್ಮಗೆ ಒಂದೀಟು ಕೊಡ್ರಿ ಅಕ್ಕಾ. ಆಕಿ ಹೇಳಿದ್ದು ಹೇಳಿದಂಗೆ ಆಗ್ತೈತೆ.’

ಅಕ್ಕನಾಗಮ್ಮನ ಮೈಯೆಲ್ಲ ಉರಿದುಹೋಯಿತು. ಮಾತಿಗೆ ತಾನು, ಮಾಲಿಗೆ ಅವಳು! ರಿಸೀವರು ಕೊಟ್ಟ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಗಾಜಿನ ಆಚೆ ನಯನಾ ನಗುತ್ತ ಮಾತಾಡುತ್ತಿದ್ದುದು ಕಾಣುತ್ತಿತ್ತು. ಅದೇನು ಅಷ್ಟೊಂದು ನಗು? ತನ್ನ ಮೈಲಮ್ಮನ ಹತ್ತಿರ ಇವಳಿಗೇನು ನಗುವ ಮಾತು?

ಇಷ್ಟಕ್ಕೇ ನಿಂತಿದ್ದರೆ ಅವಳು ಒಳಗೊಳಗೇ ಬೆಂದುಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಆಯುಧಪೂಜೆ ಬಂತು ನೋಡಿ. ಪ್ರತಿ ವರ್ಷ ಆ ದಿನ ಮೊದಲ ಪೂಜೆ ಫೋನಿಗೆ. ‘ನಮ್ಮ ಅಂಗಡಿ ಬಾಯಿ ಇದು’ ಎಂದು ದೊಡ್ಡ ಸಾವ್ಕಾರ್ರೇ ನಿಂತು ಸೇವಂತಿಗೆ ಹಾರ ಹಾಕಿಸುತ್ತಿದ್ದರು. ಈ ಸಲ ಬಸವಪ್ರಭು ಮಾರುದ್ದದ ಹಾರ ತರಿಸಿದ. ಅದು ನೆಟ್ಟಗೆ ಹೋಗಿ ಕಂಪ್ಯೂಟರಿನ ಕೊರಳಿಗೆ ಬಿತ್ತು. ತೂಕದ ಯಂತ್ರಕ್ಕೆ ಒಂದು ಮೊಳ, ಟೆಂಪೋಗೆ ಒಂದು ಹಾರ, ಅವನ ಸ್ಕೂಟರಿಗೂ ಒಂದು. ಬೂದುಗುಂಬಳ ಒಡೆದರು, ಮಂಡಕ್ಕಿ, ಸಿಹಿ ಹಂಚಿದರು, ನಯನಾಳ ಕೈಯಿಂದಲೇ ಆರತಿ ಎತ್ತಿಸಿದರು. ಎಲ್ಲ ಮುಗಿದ ಮೇಲೆ ಅಕ್ಕನಾಗಮ್ಮ ತನ್ನ ಮೇಜಿನ ಕಡೆ ನೋಡಿದಳು. ಫೋನಿನ ಮೇಲೆ ಒಂದು ಎಸಳು ಹೂವಿರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ, ಯಾರಿಗೂ ನೆನಪೇ ಬಂದಿರಲಿಲ್ಲ. ಅವಳಿಗೆ ತಡೆಯಲಾಗದ್ದು ಅದೇ. ತನ್ನ ತುರುಬಿನ ಹೂವನ್ನೇ ತೆಗೆದು ಫೋನಿನ ಮೇಲಿಟ್ಟು, ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು.

ಹಬ್ಬ ಕಳೆದು ಆಫೀಸು ತೆರೆದ ದಿನ, ನಯನಾ ‘ಲೈನ್ ತಗೊಂತೀನ್ರಿ’ ಅಂದದ್ದು ನಿಜಕ್ಕೂ ಅಕ್ಕನಾಗಮ್ಮನ ಕಿವಿಗೆ ಬೀಳಲಿಲ್ಲ. ಹರಿಹರಕ್ಕೆ ಮಾತಾಡೋಣ ಎಂದು ರಿಸೀವರು ಎತ್ತಿದಳು. ಕಿವಿಯಲ್ಲಿ ಕಬ್ಬಿಣ ಉಜ್ಜಿದ ಹಾಗೆ ಕರ್ಕಶ ಸದ್ದು, ಆಮೇಲೆ ಎಲ್ಲ ನಿಶ್ಶಬ್ದ. ಗಾಜಿನ ಕೋಣೆಯಲ್ಲಿ ನಯನಾ, ‘ಅಯ್ಯೋ, ಕಟ್ ಆತು’ ಎಂದು ಕೂಗಿದಳು. ಬಸವಪ್ರಭು ಎದ್ದು ಹೋಗಿ, ‘ಏನಮ್ಮ ಇದು, ಸರಿ ನೋಡ್ಕೊಂಡು ಮಾಡ್ಬಾರ್ದಾ?’ ಅಂದ. ಹುಡುಗಿಯ ಮುಖ ಸಣ್ಣಗಾಯಿತು.

ಅಕ್ಕನಾಗಮ್ಮ ರಿಸೀವರನ್ನು ಮೆಲ್ಲಗೆ ಇಟ್ಟಳು. ಅಬ್ಬಬ್ಬಾ! ಇಷ್ಟು ಸುಲಭವೇ? ಗಾಜಿನ ಕೋಣೆ, ಹೊಸ ಫ್ಯಾನು, ಬೆಂಗಳೂರಿನ ಬುದ್ಧಿ, ಎಲ್ಲದರ ಕುತ್ತಿಗೆ ತನ್ನ ಕೈಯಳತೆಯಲ್ಲೇ ಇದೆ! ಅಂದು ಮನೆಗೆ ಹೋಗುವಾಗ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಹೋದಳು. ತಿಪ್ಪೇರುದ್ರಪ್ಪ, ‘ಏನು ಇವತ್ತು ಹಬ್ಬ?’ ಎಂದರೆ, ‘ತಿನ್ರಿ ಸುಮ್ನೆ’ ಅಂದಳು.

ಆಮೇಲೆ ಶುರುವಾಯಿತು. ದಿನಾ ಅಲ್ಲ, ಅಷ್ಟು ದಡ್ಡಿಯಲ್ಲ ಅವಳು. ಆಗೊಮ್ಮೆ ಈಗೊಮ್ಮೆ, ನಯನಾ ಬೆನ್ನು ಹಾಕಿದಾಗ, ಸೆರಗಿನ ಮರೆಯಲ್ಲಿ ರಿಸೀವರನ್ನು ಎತ್ತಿ ಕಿವಿಗಿಟ್ಟುಕೊಳ್ಳುವುದು. ಆ ಕಿರುಚಾಟ ಕೇಳಿ, ಅದು ಉಸಿರು ನಿಲ್ಲಿಸುವ ತನಕ ಕಾಯುವುದು, ಇಡುವುದು. ಒಂದೊಂದು ಸಲ ಕಿರುಚಾಟ ನಿಂತ ಕೂಡಲೇ ಹರಿಹರದ ಕಡೆಯಿಂದ ಯಾರೋ ‘ಹಲೋ’ ಅನ್ನುತ್ತಿದ್ದರು. ಕೈ ಇಡುವ ಮುಂಚೆ ಬಾಯಿ ತನ್ನ ಪಾಡಿಗೆ ತಾನು ‘ಶರಣ್ರಿ, ಹೇಳ್ರಿ’ ಎಂದುಬಿಟ್ಟಿರುತ್ತಿತ್ತು. ಹಾಗೆ ಅಂದದ್ದು ಅವಳ ಲಕ್ಷ್ಯಕ್ಕೇ ಬರುತ್ತಿರಲಿಲ್ಲ. ದಿನವಿಡೀ ಅದನ್ನೇ ಹೇಳುವವಳ ಬಾಯಲ್ಲಿ ಇನ್ನೊಂದು ಸಲ ಅದೇ ಮಾತು ಬಂದರೆ ಆಫೀಸಿನಲ್ಲೂ ಯಾರು ತಿರುಗಿ ನೋಡುತ್ತಾರೆ?

ಲೈನ್‌ಮನ್ ಹನುಮಂತಪ್ಪ ಬಂದು ಕಂಬದಿಂದ ಮೇಜಿನವರೆಗೆ ತಂತಿ ನೋಡಿ, ‘ಲೈನ್ ಬಂಗಾರದಂಗೆ ಐತ್ರಿ, ನಿಮ್ಮ ಡಬ್ಬಿದೇ ಏನೋ ತಕರಾರು’ ಎಂದು ಚಹಾ ಕುಡಿದು ಹೋದ. ಬೆಂಗಳೂರಿನವರು ಡಬ್ಬಿ ಸರಿಯಾಗಿದೆ, ಲೈನೇ ಸರಿಯಿಲ್ಲ ಅಂದರು. ನಡುವೆ ನಯನಾ ಬೈಸಿಕೊಂಡಳು. ಮಧ್ಯಾಹ್ನದ ಊಟದ ಡಬ್ಬಿ ತೆರೆಯದೆ ಕೂರುತ್ತಿದ್ದಳು. ಒಂದೆರಡು ಸಲ ಹಾಗೆ ಕೂತಿದ್ದನ್ನು ಕಂಡು ಅಕ್ಕನಾಗಮ್ಮನಿಗೆ ಒಳಗೆ ಎಲ್ಲೋ ಚುರ್ರೆಂದಿತು. ಆದರೆ ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ‘ಆ ಕಂಪ್ಯೂಟರ್ ಕೆಟ್ಟೈತಂತೆ, ನೀವೇ ಹೇಳಿಬಿಡ್ರಿ ಅಕ್ಕಾ’ ಎಂಬ ಗಿರಾಕಿಯ ಮಾತು ಕೇಳಿದ ಕೂಡಲೇ ಚುರ್ರೆಂದದ್ದು ತಣ್ಣಗಾಗುತ್ತಿತ್ತು.

ದೀಪಾವಳಿಗೆ ಮುಂಚೆ ಮೈಲಮ್ಮನ ಗಿರಣಿಯ ಶಾಫ್ಟು ಮುರಿಯಿತು. ಹಬ್ಬದ ಹಿಟ್ಟು ಬೀಸುವ ಕಾಲ. ಕಡಲೆ, ಅಕ್ಕಿ, ಗೋಧಿಯ ಡಬ್ಬಗಳು ಗಿರಣಿಯ ಮುಂದೆ ಸಾಲು ಹಚ್ಚುವ ದಿನಗಳು. ಆನಗೋಡಿನಲ್ಲಿ ಇನ್ನೊಬ್ಬ ಹೊಸ ಗಿರಣಿ ಹಾಕಿ, ಯಾರು ಬರುತ್ತಾರೋ ಎಂದು ಬಾಗಿಲಲ್ಲೇ ನಿಂತಿದ್ದ. ಮೈಲಮ್ಮನ ಫೋನಿನಲ್ಲಿ ಈ ಸಲ ಮಳೆಯಿಲ್ಲ, ಮೊಮ್ಮಗನಿಲ್ಲ.

‘ಅಕ್ಕಾ, ಮೇಡಮ್ಮಗೆ ಕೊಡ್ರಿ. ಅರ್ಜೆಂಟ್ ಐತೆ.’

‘ಏನಾತು ಅಂತ ನನಗೆ ಹೇಳು ಮೈಲಮ್ಮ.’

‘ನಿಮಗೆ ಆಮ್ಯಾಲೆ ಹೇಳ್ತೀನಿ. ಮೊದಲು ಆಕಿಗೆ ಕೊಡ್ರಿ.’

ಆಮೇಲೆ! ಕಷ್ಟದ ಗಳಿಗೆಯಲ್ಲಿ ತಾನು ಆಮೇಲೆ! ಅಕ್ಕನಾಗಮ್ಮ ತುಟಿ ಕಚ್ಚಿಕೊಂಡು ರಿಸೀವರು ಕೊಟ್ಟಳು. ಶಾಫ್ಟು ಹರಿಹರದಲ್ಲಿ ತಯಾರಿತ್ತು, ಇವತ್ತೇ ಸಂಜೆ ಬಸ್ಸಿಗೆ ಹಾಕಿಸುತ್ತೇನೆ ಎಂದು ನಯನಾ ಮಾತು ಕೊಟ್ಟದ್ದು ಅವಳಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲು ಸರಿಯಿತು. ‘ಅಕ್ಕಾ, ಲೈನ್ ತಗೊಂತೀನ್ರಿ.’ ಮೈಲಮ್ಮನ ಆರ್ಡರೂ ಆ ಲೈನಿನಲ್ಲೇ ಹೋಗುತ್ತದೆ ಎಂದು ಅಕ್ಕನಾಗಮ್ಮನಿಗೆ ಗೊತ್ತಿತ್ತು. ಕಟ್ ಆದರೆ ನಯನಾ ಮತ್ತೆ ಕಳಿಸುತ್ತಾಳೆ, ಒಂದೆರಡು ತಾಸು ತಡ ಅಷ್ಟೇ, ಆಕೆಯ ಮಾತು ಸ್ವಲ್ಪ ಸುಳ್ಳಾದರೆ ಸಾಕು ಎಂದು ಲೆಕ್ಕ ಹಾಕಿದಳು. ಕೈ ರಿಸೀವರಿನ ಮೇಲೆ ಬಿತ್ತು.

ನಯನಾ ಮತ್ತೆ ಕಳಿಸಿದ್ದು ನಿಜ. ಆದರೆ ಅಷ್ಟರಲ್ಲಿ ಕಂಪ್ಯೂಟರು ಮೈಲಮ್ಮನ ಆರ್ಡರನ್ನು ಮೊದಲ ಸಲವೇ ಹೋಯಿತೆಂದು ಗುರುತು ಹಾಕಿಕೊಂಡಿತ್ತು. ಎರಡನೇ ಸಲ ಅದನ್ನು ಬಿಟ್ಟು ಉಳಿದದ್ದನ್ನು ಕಳಿಸಿತು. ದಾವಣಗೆರೆಯಲ್ಲಿ ನೋಡಿದರೆ ಹೋಗಿದೆ, ಹರಿಹರದಲ್ಲಿ ನೋಡಿದರೆ ಬಂದೇ ಇಲ್ಲ. ಸಂಜೆಯಿಂದ ಕೊನೆಯ ಬಸ್ಸಿನ ತನಕ ಮೈಲಮ್ಮ ಬಸ್ಸಿಂದ ಬಸ್ಸಿಗೆ ಹೋಗಿ ಕಂಡಕ್ಟರನ್ನು ಕೇಳಿದಳು. ಮಾರನೆಯ ದಿನದಿಂದ ಎರಡೂ ಊರಲ್ಲಿ ಹಬ್ಬದ ರಜೆ. ಅವಳು ಫೋನ್ ಮಾಡಿದರೆ ಎತ್ತುವವರಿಲ್ಲ.

ಹಬ್ಬ ಮುಗಿದು ಬಾಗಿಲು ತೆರೆದ ದಿನ ಬೆಳಿಗ್ಗೆಯೇ ಮೈಲಮ್ಮ ಆಫೀಸಿಗೆ ಬಂದು ನಿಂತಳು. ಮುಖ ಕೆಂಡವಾಗಿತ್ತು. ಬಸವಪ್ರಭು ಹಿದಾಯತ್‌ನನ್ನೂ ಕೂಡಲೇ ಫೋನ್ ಮಾಡಿಸಿ ಹರಿಹರದಿಂದ ಕರೆಸಿದ. ಅವನು ಶಾಫ್ಟನ್ನು ಗೋಣಿಯಲ್ಲಿ ಸುತ್ತಿಕೊಂಡೇ ಬಂದ.

‘ಈಗ ತಂದು ಏನು ಮಾಡ್ಲಿ? ಪೂಜಿ ಮಾಡ್ಲಾ?’ ಎಂದಳು ಮೈಲಮ್ಮ. ‘ನಮ್ಮ ಓಣಿ ಹೆಣ್ಮಕ್ಕಳೆಲ್ಲ ನನ್ನ ಗಿರಣಿ ಮುಂದೇ ಹಾದು ಹೊಸ ಗಿರಣಿಗೆ ಹೋದ್ರು. ಹೋಗೋರು ಹೋಗ್ಲಿ, ಹಣಿಕಿ ಹಾಕಿ ನಕ್ಕೋತ ಹೋದ್ರು. ಹೆಂಗಸು ಗಿರಣಿ ನಡಿಸಿದ್ರೆ ಹಿಂಗೇ ಅಂದ್ರು. ಮೇಡಮ್ಮಾರೇ, ನೀವು ಮಾತು ಕೊಟ್ಟಿದ್ರಿ!’

 ಬಸವಪ್ರಭು ಹಣೆ ಒತ್ತಿಕೊಂಡು, ‘ಸಾಕಾತು. ಬೆಂಗಳೂರಿನವರಿಗೆ ಹೇಳಿಬಿಡ್ತೀನಿ, ಇದನ್ನ ಒಯ್ದುಬಿಡ್ರಿ ಅಂತ. ನಯನಾ, ನೀನೂ ಬೇರೆ ಕಡೆ ನೋಡ್ಕೋ ಅಮ್ಮ. ನಮಗೆ ಅಕ್ಕನ ಫೋನೇ ಸಾಕು’ ಅಂದ.

ಅಕ್ಕನಾಗಮ್ಮ ಇಷ್ಟು ತಿಂಗಳು ಹಗಲೂ ಇರುಳೂ ಹಂಬಲಿಸಿದ್ದ ಮಾತು ಅದು. ಬಂದೇ ಬಿಟ್ಟಿತು! ಎದೆ ಹಿಗ್ಗಿತು. ಸೆರಗು ಸರಿಮಾಡಿಕೊಂಡು, ಮೈಲಮ್ಮನ ಕೈ ಹಿಡಿದು ಸಮಾಧಾನ ಮಾಡಲು ಸ್ಟೂಲಿನಿಂದ ಎದ್ದಳು ಕೂಡ.

ಆಗ ಹಿದಾಯತ್ ಬಾಯಿ ಬಿಟ್ಟ. ಅವನಿಗೆ ಹುಡುಗಿಯ ಮೇಲೆ ಕನಿಕರ ಬಂದಿತ್ತು, ಅಷ್ಟೇ. ‘ಸಾವ್ಕಾರ್ರೇ, ಹುಡುಗಿ ತಪ್ಪು ಏನಿಲ್ರಿ. ಲೈನೇ ಹಂಗೆ. ಕಟ್ ಆದ ಕೂಡ್ಲೆ ನಾನು ಅಲ್ಲಿ ಫೋನ್ ಎತ್ತಿ ಹಲೋ ಅಂತೀನಿ. ಯಾವಾಗ ಎತ್ತಿದ್ರೂ ನಮ್ಮ ಅಕ್ಕ ಲೈನ್‌ನಾಗೇ ಇರ್ತಾರೆ. ಶರಣ್ರಿ, ಹೇಳ್ರಿ ಅಂತಾರೆ. ಪಾಪ, ಅಕ್ಕ ಅಷ್ಟು ಕಾಳಜಿಲೆ ನೋಡ್ಕೊಂತಾರೆ. ಹಬ್ಬದ ಹಿಂದಿನ ದಿನಾನೂ ಅಂದ್ರು. ಇವರಿದ್ದೂ ಹಿಂಗಾಗ್ತೈತೆ ಅಂದ್ರೆ ಲೈನ್ ಎಷ್ಟು ಕೆಟ್ಟಿರಬೇಕು ನೋಡ್ರಿ.’

 ಬಸವಪ್ರಭು ನಿಧಾನವಾಗಿ ಕೇಳಿದ: ‘ಲೈನ್ ಕಂಪ್ಯೂಟರ್‌ನಾಗ ಇದ್ದಾಗ ಅಕ್ಕನ ಫೋನ್ ಬಡಿಯೋದಿಲ್ಲ. ಹೌದಲ್ಲ ನಯನಾ? ಬಡೀದೆ ಇದ್ದ ಫೋನ್ ಅಕ್ಕ ಯಾಕ ಎತ್ತಿದ್ರು?’

ನಯನಾ ಅಕ್ಕನಾಗಮ್ಮನ ಮುಖ ನೋಡಿದಳು. ಒಂದೇ ನೋಟದಲ್ಲಿ ಅವಳಿಗೆ ಎಲ್ಲ ತಿಳಿಯಿತು. ತಿಳಿದೂ, ತಲೆ ತಗ್ಗಿಸಿ, ‘ಗೊತ್ತಿಲ್ದೆ ಎತ್ತಿರ್ತಾರ್ರಿ ಸಾರ್. ಲೈನ್ ತಗೊಂತೀನಿ ಅಂತ ನಾನೇ ಜೋರಾಗಿ ಹೇಳಿರಲಿಕ್ಕಿಲ್ಲ’ ಅಂದಳು.

ಸುಮ್ಮನಿದ್ದರೆ ಆಗುತ್ತಿತ್ತು. ಹ್ಞೂಂ ಅಂದುಬಿಟ್ಟರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕುರ್ಚಿ ಕಿತ್ತುಕೊಂಡವಳು, ಹಾರ ಕಿತ್ತುಕೊಂಡವಳು, ಮೈಲಮ್ಮನನ್ನು ಕಿತ್ತುಕೊಂಡವಳು ಈಗ ತನ್ನ ಮಾನವನ್ನೂ ಅವಳೇ ಉಳಿಸಿಕೊಡಬೇಕೇ? ಒಳ್ಳೆಯವಳು ಅನ್ನಿಸಿಕೊಳ್ಳುವ ಪಾಳಿಯೂ ಅವಳದೇ ಏನು? ಅಕ್ಕನಾಗಮ್ಮನಿಗೆ ಎಲ್ಲಿತ್ತೋ ಸಿಟ್ಟು.

‘ನಿನ್ನ ಧರ್ಮ ನನಗೆ ಬ್ಯಾಡ ತಾಯಿ!’ ಎಂದು ಕೂಗಿಬಿಟ್ಟಳು. ‘ಗೊತ್ತಿಲ್ದೆ ಅಲ್ಲ. ಗೊತ್ತಿದ್ದೇ ಎತ್ತಿದ್ದು. ನೀ ಬಂದಾಗಿಂದ ನನ್ನ ಕಡೆ ನೋಡೋರಿಲ್ಲ, ಅದಕ್ಕೇ ಎತ್ತಿದೆ. ಹಬ್ಬದ ಹಿಂದಿನ ದಿನಾನೂ ನಾನೇ ಎತ್ತಿದ್ದು. ಏನೀಗ?’

ಕೂಗಿದ ಮೇಲೆ ಅವಳ ಕಣ್ಣು ಮೈಲಮ್ಮನ ಕಡೆ ಹೋಯಿತು. ಮೈಲಮ್ಮ ಬೈಯಬೇಕಿತ್ತು. ಆನಗೋಡಿನ ಗಂಡಸರನ್ನೆಲ್ಲ ಬಾಯಲ್ಲೇ ನೀರು ಕುಡಿಸಿದ ಹೆಂಗಸು. ಅವಳು ಬೈಯಲಿಲ್ಲ.  ಶಾಫ್ಟಿನ ಗೋಣಿಯನ್ನು ಹೆಗಲಿಗೇರಿಸಿಕೊಂಡು, ಗಾಜಿನ ಕೋಣೆಯ ಹೊಸ್ತಿಲಿಗೆ ಹೋಗಿ, ಚಪ್ಪಲಿ ಬಿಟ್ಟು, ‘ಬೈದೆ ಅಂತ ಮನಸ್ಸಿಗೆ ಹಚ್ಕೋಬ್ಯಾಡ ತಂಗಿ’ ಅಂದಳು. ನಯನಾಳಿಗೆ. ಮೇಡಂ ಅಲ್ಲ, ತಂಗಿ. ಅಕ್ಕನಾಗಮ್ಮನ ಸ್ಟೂಲಿನ ಪಕ್ಕದಲ್ಲೇ ಹಾದು ಹೊರಗೆ ಹೋದಳು, ಈ ಕಡೆ ತಿರುಗಲಿಲ್ಲ.

ಬಸವಪ್ರಭು ಅಕ್ಕನಾಗಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ‘ಅಪ್ಪಾಜಿ ಕೂಡ್ರಿಸಿದ ಜಾಗ’ ಎಂದಷ್ಟೇ ಅಂದ.  ಓಡಾಡಿ, ಹೇಳಿಸಿ, ಕೇಳಿಸಿ ಕಂಪ್ಯೂಟರಿಗೆ ಬೇರೆ ಲೈನು ತಂದ. ಆಮೇಲೆ ಎಲ್ಲ ನೀರು ಹರಿದ ಹಾಗೆ ಸಾಗಿತು. ಬೆಂಗಳೂರಿನವರು ಇನ್ನೊಂದು ಊರಿನ ಯಜಮಾನರನ್ನು ಕರೆತಂದು, ಇದು ಹೇಗೆ ಗೆದ್ದಿತು ನೋಡಿ ಎಂದು ಕೋಣೆಯನ್ನು ತೋರಿಸಿದರು. ಬಿಟ್ಟುಹೋದ ಗಿರಾಕಿಗಳಲ್ಲಿ ಕೆಲವರು ತಿರುಗಿ ಬಂದರು. ಮುಂದಿನ ಆಯುಧಪೂಜೆಗೆ ನಯನಾ ನೆನಪಿಟ್ಟು ಫೋನಿಗೂ ಒಂದು ಹಾರ ಹಾಕಿದಳು. ಅಕ್ಕನಾಗಮ್ಮ ಆ ಹಾರವನ್ನು ತೆಗೆಯಲೂ ಇಲ್ಲ, ಕಣ್ಣೆತ್ತಿ ನೋಡಲೂ ಇಲ್ಲ.

ಈಗ ಆ ಫೋನು ಪೂರ್ತಿ ಅವಳದು. ‘ಲೈನ್ ತಗೊಂತೀನ್ರಿ’ ಎಂದು ಯಾರೂ ಕೇಳುತ್ತಿರಲಿಲ್ಲ. ಉಳಿದ ಗಿರಾಕಿಗಳಿಗೆ ನಡೆದದ್ದು ಗೊತ್ತಿರಲಿಲ್ಲ, ಅವರು ಮೊದಲಿನಂತೆ ಅಕ್ಕ ಅನ್ನುತ್ತಿದ್ದರು, ಮಳೆ ಬೆಳೆ ಮಾತಾಡುತ್ತಿದ್ದರು. ಅದು ಅವಳ ಕಿವಿಯ ಮೇಲೆ ಬಿದ್ದು ಜಾರಿ ಹೋಗುತ್ತಿತ್ತು. ಅವಳು ಕಾಯುತ್ತಿದ್ದುದು ಒಂದೇ ಫೋನಿಗೆ.

ಆ ವರ್ಷವೂ ಸಂಕ್ರಾಂತಿಗೆ ಆನಗೋಡಿನ ಬಸ್ಸು ಬಂತು, ಸಜ್ಜೆ ರೊಟ್ಟಿಯ ಗಂಟು ಬರಲಿಲ್ಲ. ಅದಾದ ಮೇಲೆ ಒಂದು ಮಧ್ಯಾಹ್ನ ಫೋನು ಬಡಿಯಿತು. ಎರಡನೇ ಸಲ ಬಡಿಯುವ ಮುಂಚೆ ಅವಳು ಎತ್ತಿದಳು.

‘ಶರಣ್ರಿ, ಹೇಳ್ರಿ.’

ಆ ಕಡೆ ಗಿರಣಿ ತಿರುಗುವ ಸದ್ದು ಕೇಳುತ್ತಿತ್ತು. ಯಾರೆಂದು ಅದರಲ್ಲೇ ತಿಳಿಯಿತು. ‘ಮೈಲಮ್ಮಾ?’ ಅಂದಳು. ‘ಆರಾಮ ಇದ್ದೀಯೇನವ್ವ? ಮೊಮ್ಮಗ ಹೆಂಗದಾನೆ?’

 ಮೈಲಮ್ಮನ ದನಿ ಬಂತು. ಸಿಟ್ಟಿರಲಿಲ್ಲ, ಬ್ಯಾಂಕಿನ ಕೌಂಟರಿನ ಮುಂದೆ ನಿಂತವರ ಹಾಗೆ ಬಲು ಮರ್ಯಾದೆಯಿಂದ ಮಾತಾಡಿದಳು.

‘ಮೇಡಮ್ಮಾರೇ, ನಯನಾಗೆ ಕೊಡ್ರಿ.’

ಅಕ್ಕನಾಗಮ್ಮ ರಿಸೀವರನ್ನು ಎದೆಗೆ ಒತ್ತಿ ಹಿಡಿದುಕೊಂಡು, ಎದ್ದು, ಗಾಜಿನ ಬಾಗಿಲು ತಟ್ಟಿದಳು.